ನೀಲಗಿರಿಯ ಹುಲ್ಲುದಿಣ್ಣೆಗಳು

ತಮಿಳುನಾಡಿನ ನೀಲಗಿರಿ ಜಿಲ್ಲೆಯ ಮೇಲ್ಮಟ್ಟದ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರಿಗೂ ಎತ್ತರದಲ್ಲಿ ಹರಡಿರುವ ಬೋಳುಬೆಟ್ಟ, ಕಣಿವೆಗಾಡು ಮತ್ತು ಜೌಗುತಗ್ಗುಗಳ ಸೀಮೆಯೇ ನೀಲಗಿರಿಯ ಹುಲ್ಲುದಿಣ್ಣೆಗಳು. ಉದಕಮಂಡಲದಿಂದ ಪಡುವಣಕ್ಕೆ ಪೈಕಾರ, ಅವಲಾಂಚೆ, ಮುಕುರ್ತಿ, ಮೇಲ್ಭವಾನಿಗಳವರೆಗೆ ಹಬ್ಬಿರುವ ಈ ನೆಲ ದಕ್ಷಿಣ ಭಾರತದ ಎತ್ತರದ ಹುಲ್ಲುಗಾವಲುಗಳಲ್ಲಿ ಮುಖ್ಯವಾದದ್ದು. ಮೊಯಾರ್ ಮತ್ತು ಭವಾನಿ ಹೊಳೆಗಳ ಮೂಲಕ ಕಾವೇರಿಗೆ ನೀರೂಡುವ ನೆಲವೂ ಇದೇ. ಕನ್ನಡ ನಾಡಿಗೆ ಇದು ನೆರೆಯ ಸೀಮೆ. ಇಲ್ಲಿನ ಬೆಟ್ಟಗಳ, ಊರುಗಳ ಹೆಸರುಗಳಲ್ಲಿ ಎಷ್ಟೋ ಕನ್ನಡದ ಕಿವಿಗೆ ನೇರವಾಗಿ ಅರ್ಥವಾಗುತ್ತವೆ.

ಹೆಸರು ಮತ್ತು ಪರಿಭಾಷೆ

ಬ್ರಿಟಿಷರು ಈ ಸೀಮೆಯನ್ನು ಡೌನ್ಸ್ ಎಂದು ಕರೆದರು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಸುಣ್ಣಕಲ್ಲಿನ ಮೇಲೆ ಹುಲ್ಲು ಹೊದ್ದ, ಮರವಿಲ್ಲದ ದುಂಡುಗುಡ್ಡಗಳಿಗೆ ಆ ಹೆಸರಿದೆ. ಗುಡ್ಡ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ ಅದರ ಮೂಲ. ಅಲ್ಲಿಯ ಎತ್ತರದ, ಹುಳಿಮಣ್ಣಿನ, ಜೌಗು ತುಂಬಿದ ಬಯಲುಗಳಿಗೆ ಮೂರ್ ಎನ್ನುತ್ತಾರೆ. ನೀಲಗಿರಿಯಲ್ಲಿ ಈ ಎರಡೂ ಲಕ್ಷಣಗಳು ಬೆರೆತಿವೆ. ಹೊರನೋಟಕ್ಕೆ ಇದು ಡೌನ್ಸ್‌ನಂತೆ ಕಂಡರೂ ತಗ್ಗುಗಳ ಕಪ್ಪು ಜೌಗುಮಣ್ಣು ಮೂರ್‌ನ ಬಗೆಯದು, ತಳದ ಕಲ್ಲಂತೂ ಎರಡಕ್ಕೂ ಸೇರದ್ದು. ಉದಕಮಂಡಲದ ಪಶ್ಚಿಮಕ್ಕಿರುವ ದೊಡ್ಡ ಹುಲ್ಲುಬಯಲು 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್‌ನ ಹೆಸರಿನಲ್ಲಿ ವೆನ್‌ಲಾಕ್ ಡೌನ್ಸ್ ಎನಿಸಿಕೊಂಡಿತು.

ಈ ಲೇಖನದಲ್ಲಿ ಹುಲ್ಲು ಹೊದ್ದ ಬೆಟ್ಟದ ಮೈಗೆ ಹುಲ್ಲುದಿಣ್ಣೆ ಎಂದೂ, ಕಣಿವೆಯ ಮಡಿಲಲ್ಲಿ ಗುಂಪಾಗಿ ನಿಂತ ಕುಳ್ಳಮರಗಳ ನಿತ್ಯಹರಿದ್ವರ್ಣ ಕಾಡಿಗೆ ಶೋಲಾ ಎಂದೂ, ಸಸ್ಯಶೇಷ ಕೊಳೆಯದೆ ಪದರಪದರವಾಗಿ ನಿಂತ ನೀರ್ತಗ್ಗಿಗೆ ಜೌಗು ಎಂದೂ ಬಳಸಿದೆ. ಶೋಲಾ ಎಂಬುದು ತಮಿಳಿನ ಸೋಲೈ ಪದದ ರೂಪ.

ಇನ್ನೊಂದು ಪದದ ವಿಚಾರದಲ್ಲಿ ಎಚ್ಚರ ಬೇಕು. ಆಡುಗನ್ನಡದಲ್ಲಿ ನೀಲಗಿರಿ ಎಂದರೆ ಬೆಟ್ಟಕ್ಕಿಂತ ಮೊದಲು ನೆನಪಾಗುವುದು ಮರ, ಅಂದರೆ ಆಸ್ಟ್ರೇಲಿಯಾ ಮೂಲದ ಯೂಕಲಿಪ್ಟಸ್. ಬೆಟ್ಟದ ಹೆಸರು ಮರಕ್ಕೂ ಅದರ ಎಣ್ಣೆಗೂ ಅಂಟಿಕೊಂಡಿದೆ. ಈ ಬೆಟ್ಟದ ಹುಲ್ಲುದಿಣ್ಣೆಗಳು ಕಿರಿದಾಗಲು ಕಾರಣವಾದ ಮರಗಳಲ್ಲಿ ಅದೂ ಒಂದು. ಗೊಂದಲ ತಪ್ಪಿಸಲು ಇಲ್ಲಿ ನೀಲಗಿರಿ ಎಂದರೆ ಬೆಟ್ಟಸೀಮೆ ಮಾತ್ರ, ಮರಕ್ಕೆ ಯೂಕಲಿಪ್ಟಸ್ ಎಂದೇ ಹೆಸರು.

ಭೂರಚನೆ ಮತ್ತು ನೀರು

ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳು ಕೂಡುವೆಡೆಯಲ್ಲಿ ಸುತ್ತಲಿನ ಬಯಲಿನಿಂದ ಗೋಡೆಯಂತೆ ಮೇಲೆದ್ದ ಪ್ರಸ್ಥಭೂಮಿ ನೀಲಗಿರಿ. ತಳದ ಶಿಲೆ ಬಹುಮಟ್ಟಿಗೆ ಚಾರ್ನೊಕೈಟ್ ಎಂಬ ಅತಿ ಪುರಾತನ ಗಟ್ಟಿಕಲ್ಲು. ಅದು ಕಾಲಾಂತರದಲ್ಲಿ ಶಿಥಿಲವಾಗಿ ದಪ್ಪ ಕೆಮ್ಮಣ್ಣಾಗಿದೆ. ಬೆಟ್ಟಗಳು ಚೂಪು ಸವೆದು ದುಂಡಗಾಗಿವೆ. ಉದಕಮಂಡಲದ ಎತ್ತರ ಸುಮಾರು 2,240 ಮೀ. ಅದರ ಪಕ್ಕದ ದೊಡ್ಡಬೆಟ್ಟ 2,637 ಮೀ. ಎತ್ತರವಿದ್ದು ನೀಲಗಿರಿಯ ಅತ್ಯುನ್ನತ ಶಿಖರವಾಗಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ಇದು ಸುಮಾರು 700 ಮೀ. ಹೆಚ್ಚು.

ಪಡುವಣ ಅಂಚಿನಲ್ಲಿ ಕುಂದೆ ಬೆಟ್ಟಸಾಲು ಇದೆ. ಮುಕುರ್ತಿ, ಕೋಲಾರಿಬೆಟ್ಟ ಮೊದಲಾದ ಶಿಖರಗಳು ಈ ಸಾಲಿನವು. ಇಲ್ಲಿ ನೆಲ ಒಮ್ಮೆಗೇ ಕಡಿದು ಕೇರಳದ ಮಳೆಕಾಡುಗಳಿಗೆ ಬೀಳುತ್ತದೆ. ಪೂರ್ವಕ್ಕೆ ಬಂದಂತೆ ದಿಣ್ಣೆಗಳು ಸಾವಕಾಶವಾಗಿ ಇಳಿಯುತ್ತವೆ. ಪೈಕಾರ ಹೊಳೆ ಉತ್ತರಕ್ಕೆ ಹರಿದು, ಮುಂದೆ ಮೊಯಾರ್ ಎನಿಸಿಕೊಂಡು, ಸ್ವಲ್ಪ ದೂರ ಕರ್ನಾಟಕದ ಗಡಿಯಾಗಿಯೂ ಸಾಗುತ್ತದೆ. ಭವಾನಿ ದಕ್ಷಿಣದ ಇಳಿಜಾರಿನಿಂದ ಕೆಳಗಿಳಿಯುತ್ತದೆ. ಇವೆರಡೂ ಭವಾನಿಸಾಗರದಲ್ಲಿ ಕೂಡಿ ಕಾವೇರಿಯನ್ನು ಸೇರುತ್ತವೆ.

ಮಳೆಗಾಲದಲ್ಲಿ ಬಿದ್ದ ನೀರನ್ನು ಹುಲ್ಲಿನ ಬೇರಿನ ಹಾಸು ಮತ್ತು ಜೌಗಿನ ಮಣ್ಣು ಹಿಡಿದಿಟ್ಟು, ಬೇಸಗೆಯಲ್ಲಿ ತೊಟ್ಟುತೊಟ್ಟಾಗಿ ಹೊಳೆಗೆ ಬಿಡುತ್ತವೆ. ಶೋಲಾ ಕಾಡಿನ ನಡುವೆ ಹುಟ್ಟುವ ತೊರೆಗಳು ಬೇಸಗೆಯಲ್ಲೂ ಬತ್ತದಿರುವುದು ಇದರಿಂದ. ಹುಲ್ಲು, ಕಾಡು, ಜೌಗು ಇವು ಮೂರೂ ಒಂದೇ ವ್ಯವಸ್ಥೆಯ ಅಂಗಗಳು.

ವಾಯುಗುಣ

ನೈಋತ್ಯ ಮಾನ್ಸೂನಿಗೆ ಎದೆಯೊಡ್ಡಿ ನಿಂತ ಪಡುವಣ ಅಂಚಿನಲ್ಲಿ ಮಳೆ ವಿಪರೀತ. 2019ರ ಆಗಸ್ಟ್‌ನಲ್ಲಿ ಅವಲಾಂಚೆಯಲ್ಲಿ ಒಂದೇ ದಿನ 800 ಮಿ.ಮೀ. ಮೀರಿದ ಮಳೆ ದಾಖಲಾಯಿತು. ಉದಕಮಂಡಲ ಮಳೆಯ ಮರೆಯಲ್ಲಿದ್ದು ವರ್ಷವಿಡೀ ಪಡೆಯುವ ಮಳೆಯ ಸುಮಾರು ಮೂರನೆಯ ಎರಡು ಪಾಲಿನಷ್ಟು ನೀರು ಅಲ್ಲಿ ಒಂದು ದಿನದಲ್ಲಿ ಸುರಿದಂತಾಯಿತು. ಪೂರ್ವದ ಇಳಿಜಾರುಗಳಿಗೆ ಅಕ್ಟೋಬರ್, ನವೆಂಬರ್ ತಿಂಗಳ ಈಶಾನ್ಯ ಮಾನ್ಸೂನ್ ಮುಖ್ಯ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮೋಡವಿಲ್ಲದ ರಾತ್ರಿಗಳಲ್ಲಿ ತಣ್ಣನೆಯ ಭಾರವಾದ ಗಾಳಿ ಇಳಿಜಾರಿನಿಂದ ಜಾರಿ ತಗ್ಗುಗಳಲ್ಲಿ ನಿಲ್ಲುತ್ತದೆ. ಆಗ ಹುಲ್ಲಿನ ಮಟ್ಟದಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು, ಬೆಳಗಿನ ಜಾವ ಬಯಲೆಲ್ಲ ಬೆಳ್ಳಗೆ ಮಂಜುಗಟ್ಟುತ್ತದೆ. ಉಷ್ಣವಲಯದಲ್ಲಿ ಅಪರೂಪವಾದ ಈ ಹಿಮಗಟ್ಟುವಿಕೆ ಇಲ್ಲಿನ ಸಸ್ಯಜೀವನವನ್ನು ನಿರ್ಧರಿಸುವ ಶಕ್ತಿಗಳಲ್ಲೊಂದು.

ಮೂಲ: ಹುಲ್ಲು ಏಕೆ, ಕಾಡೇಕಲ್ಲ?

ಇಷ್ಟು ಮಳೆ ಬೀಳುವೆಡೆ ಬೆಟ್ಟದ ಮೈಯೆಲ್ಲ ಕಾಡಾಗದೆ ಹುಲ್ಲಾಗಿ ಉಳಿದದ್ದೇಕೆ ಎಂಬ ಪ್ರಶ್ನೆ ಸಸ್ಯವಿಜ್ಞಾನಿಗಳನ್ನು ಬಹುಕಾಲ ಕಾಡಿದೆ. ಎನ್.ಎಲ್. ಬೋರ್ 1938ರಲ್ಲಿ ಮಂಡಿಸಿದ ವಾದದಂತೆ ಇದು ಬೆಂಕಿ ಮತ್ತು ಮೇವಿನ ಫಲ: ಮೂಲದಲ್ಲಿ ಕಾಡಿದ್ದ ನೆಲವನ್ನು ಮನುಷ್ಯರೂ ದನಕರುಗಳೂ ಹುಲ್ಲಾಗಿಸಿದವು. ಅದೇ ವರ್ಷ ಸಿ.ಆರ್. ರಂಗನಾಥನ್ ಬೇರೊಂದು ನಿಲುವನ್ನು ಮುಂದಿಟ್ಟರು. ಬಯಲಿನಲ್ಲಿ ಹಿಮ ಕಾಡುಮರದ ಎಳೆಸಸಿಗಳನ್ನು ಕೊಲ್ಲುತ್ತದೆ, ಹಾಗಾಗಿ ಹುಲ್ಲು ಮತ್ತು ಶೋಲಾ ಎರಡೂ ತಂತಮ್ಮ ನೆಲೆಯಲ್ಲಿ ಸ್ಥಿರವಾದವು ಎಂಬುದು ಅವರ ಮತ.

ಈ ವಿವಾದದಲ್ಲಿ ನಿರ್ಣಾಯಕ ಸಾಕ್ಷ್ಯ ಸಿಕ್ಕಿದ್ದು ಜೌಗಿನ ಮಣ್ಣಿನಿಂದ. ಜೌಗಿನಲ್ಲಿ ಗಾಳಿಯಾಡುವುದಿಲ್ಲ. ಬಿದ್ದ ಎಲೆ, ಬೇರು, ಹುಲ್ಲು ಪೂರ್ತಿ ಕೊಳೆಯದೆ ಪದರವಾಗಿ ಉಳಿಯುತ್ತವೆ. ಹುಲ್ಲುದಿಣ್ಣೆಯ ಹೆಚ್ಚಿನ ಹುಲ್ಲುಗಳೂ ಕಾಡಿನ ಮರಗಳೂ ಬೆಳಕಿನಿಂದ ಆಹಾರ ತಯಾರಿಸುವ ಕ್ರಮ ಬೇರೆಬೇರೆ. ಅದರಿಂದ ಅವುಗಳ ಇಂಗಾಲದಲ್ಲಿ ಭಾರವಾದ ಮತ್ತು ಹಗುರವಾದ ಪರಮಾಣುಗಳ ಪ್ರಮಾಣವೂ ಬೇರೆ. ಪದರದ ವಯಸ್ಸನ್ನೂ ಈ ಪ್ರಮಾಣವನ್ನೂ ಅಳೆದರೆ ಯಾವ ಕಾಲದಲ್ಲಿ ಹುಲ್ಲು ಹೆಚ್ಚಿತ್ತು, ಯಾವಾಗ ಮರ ಹೆಚ್ಚಿತ್ತು ಎಂದು ತಿಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಮಣ್ಣಿನ ಮೇಲೆ ನಡೆಸಿದ ಇಂಥ ಅಧ್ಯಯನ 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಒಣಹವೆಯಲ್ಲಿ, ಇಲ್ಲಿ ಹುಲ್ಲೇ ಮೇಲುಗೈ ಪಡೆದಿತ್ತು. ಸುಮಾರು 11,000 ವರ್ಷಗಳ ಹಿಂದೆ ಮಳೆ ಬಲವಾದಾಗ ಕಾಡು ವಿಸ್ತರಿಸಿತು. ಮುಂದೆ ಹವೆ ಒಣಗಿದಂತೆ ಮತ್ತೆ ಹುಲ್ಲು ಹಬ್ಬಿತು. ಸ್ಯಾಂಡಿನಲ್ಲಾದ ಜೌಗಿನಿಂದ ತೆಗೆದ ಮಣ್ಣು ಈ ದಾಖಲೆಯನ್ನು 40,000 ವರ್ಷಗಳಷ್ಟು ಹಿಂದಕ್ಕೆ ಒಯ್ದಿದೆ.

ಹೀಗೆ, ಈ ಎತ್ತರದಲ್ಲಿ ದನ ಕಾಯುವವರು ನೆಲೆಸುವುದಕ್ಕೆ ಬಹಳ ಹಿಂದೆಯೇ ಹುಲ್ಲುದಿಣ್ಣೆಗಳು ಇದ್ದವು. ಇದು ಹಾಳುಬಿದ್ದ ಕಾಡಲ್ಲ, ತನ್ನದೇ ಪ್ರಾಚೀನತೆಯುಳ್ಳ ಸಸ್ಯಸಮುದಾಯ. ಹಿಮದ ಪಾತ್ರವನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಪ್ರಯೋಗದಿಂದಲೇ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಹುಲ್ಲಿನ ನಡುವೆ ಬೆಳೆಸಿದ ಶೋಲಾ ಮರದ ಸಸಿಗಳು ಹಿಮಕ್ಕೆ ಸುಟ್ಟುಹೋದವು, ಆಸ್ಟ್ರೇಲಿಯಾದ ಅಕೇಶಿಯ ಸಸಿಗಳು ಅದನ್ನು ತಾಳಿಕೊಂಡವು. ಈ ಎರಡನೆಯ ಫಲಿತಾಂಶದ ಮಹತ್ವ ಮುಂದೆ ಕಾಣುತ್ತದೆ.

ಸಸ್ಯವರ್ಗದ ಬಗೆಗಳು

ತೆರೆದ ದಿಣ್ಣೆಯಲ್ಲಿ ಕ್ರೈಸೊಪೋಗನ್, ಥೀಮೆಡ, ಯೂಲೇಲಿಯ, ಅರುಂಡಿನೆಲ್ಲ, ಇಸ್ಕೀಮಮ್ ಜಾತಿಯ ಹುಲ್ಲುಗಳು ಗಡ್ಡೆಗಡ್ಡೆಯಾಗಿ ಬೆಳೆಯುತ್ತವೆ. ಮುಂಗಾರಿನ ನಂತರ ಇವುಗಳ ನಡುವೆ ಆರ್ಕಿಡ್, ಕರ್ಣಕುಂಡಲ ಮತ್ತು ಕಾಡುಲಿಲ್ಲಿಗಳು ಅರಳುತ್ತವೆ. ತೇವವಿರುವೆಡೆ ಎಲೆಯ ಅಂಟಿನಿಂದ ಕೀಟ ಹಿಡಿಯುವ ಡ್ರೊಸೆರ ಸಿಗುತ್ತದೆ. ಹುಲ್ಲಿನ ನಡುವೆ ಅಲ್ಲಲ್ಲಿ ಒಂಟಿಯಾಗಿ ನಿಲ್ಲುವ ಮರ ರೋಡೊಡೆಂಡ್ರಾನ್. ಗಂಟುಗಂಟಾದ ಕಾಂಡದ, ಕಡುಗೆಂಪು ಹೂವಿನ ಈ ಮರ ಹಿಮವನ್ನೂ ಬೆಂಕಿಯನ್ನೂ ತಡೆಯುತ್ತದೆ. ಇಂಗ್ಲೆಂಡಿನ ಮೂರ್‌ಗಳನ್ನು ನೇರಳೆಯಾಗಿಸುವ ಹೆದರ್ ಗಿಡದ್ದೂ ಇದರದ್ದೂ ಒಂದೇ ಕುಟುಂಬ. ನೋವಿನ ಎಣ್ಣೆ ತೆಗೆಯುವ ಗಾಲ್ತೀರಿಯ ಪೊದೆ ಕೂಡ ಅದೇ ಕುಟುಂಬಕ್ಕೆ ಸೇರಿದೆ.

ಇಳಿಜಾರುಗಳಲ್ಲಿ ಕುರಿಂಜಿಯ ಪೊದೆಗಳಿವೆ. ಸ್ಟ್ರೊಬಿಲಾಂಥಸ್ ಕುಂತಿಯಾನ ಎಂಬ ಈ ಗಿಡ 12 ವರ್ಷಕ್ಕೊಮ್ಮೆ ಸಾಮೂಹಿಕವಾಗಿ ನೀಲಿಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತದೆ. ನೀಲಗಿರಿ ಎಂಬ ಹೆಸರು ಈ ಹೂವಿನಿಂದ ಬಂತೆಂಬ ಮಾತು ಪ್ರಚಲಿತವಾಗಿದೆ. ದೂರದಿಂದ ಕಾಣುವ ಬೆಟ್ಟದ ನೀಲಿಮಬ್ಬೇ ಹೆಸರಿನ ಮೂಲವೆನ್ನುವವರೂ ಇದ್ದಾರೆ.

ಶೋಲಾದಲ್ಲಿ ನೇರಳೆ ಜಾತಿಯ ಮರಗಳು, ಕಾಡುಸಂಪಿಗೆ, ದಾಲ್ಚಿನ್ನಿಯ ಬಂಧುಗಳು ದಟ್ಟವಾಗಿವೆ. ಕೊಂಬೆಗಳ ತುಂಬ ಪಾಚಿ, ಕಲ್ಲುಹೂವು. ಹುಲ್ಲು ಮುಗಿದು ಕಾಡು ಶುರುವಾಗುವ ಗೆರೆ ಕತ್ತರಿಯಲ್ಲಿ ಕತ್ತರಿಸಿದಷ್ಟು ಸ್ಪಷ್ಟ. ಜೌಗಿನಲ್ಲಿ ಜೇಕು ಮತ್ತು ಎರಿಯೊಕ್ರೈಸಿಸ್ ರಂಗಾಚಾರಿ ಎಂಬ ಹುಲ್ಲು ಬೆಳೆಯುತ್ತವೆ. ಈ ಹುಲ್ಲಿನಿಂದಲೇ ಇಲ್ಲಿಯ ಎಮ್ಮೆ ಸಾಕುವ ತೊದ ಸಮುದಾಯದವರು ತಮ್ಮ ಹಾಲುಗುಡಿಗಳಿಗೆ ಸೂರು ಹೊದಿಸುತ್ತಾರೆ.

ನೀಲಗಿರಿಯ ಸಸ್ಯಗಳ ಶಾಸ್ತ್ರೀಯ ಅಧ್ಯಯನಕ್ಕೆ ರಾಬರ್ಟ್ ವೈಟ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಸಚಿತ್ರ ಗ್ರಂಥಗಳಿಂದ ಅಡಿಪಾಯ ಹಾಕಿದನು. ಪಿ.ಎಫ್. ಫೈಸನ್ 1915ರಲ್ಲಿ ಪ್ರಕಟಿಸಿದ ನೀಲಗಿರಿ ಮತ್ತು ಪಳನಿ ಬೆಟ್ಟದ ನೆತ್ತಿಗಳ ಸಸ್ಯಸಂಪುಟ ಇಂದಿಗೂ ಆಧಾರಗ್ರಂಥ.

ಪ್ರಾಣಿಗಳು

ಕಡಿದಾದ ಬಂಡೆಯಂಚು ಮತ್ತು ಪಕ್ಕದ ಹುಲ್ಲು ಎರಡನ್ನೂ ಬಯಸುವ ನೀಲಗಿರಿ ತಾರ್ ಇಲ್ಲಿಯ ವಿಶಿಷ್ಟ ಪ್ರಾಣಿ. ಪಶ್ಚಿಮಘಟ್ಟದ ದಕ್ಷಿಣ ಭಾಗ ಬಿಟ್ಟರೆ ಜಗತ್ತಿನಲ್ಲಿ ಇದು ಬೇರೆಲ್ಲೂ ಇಲ್ಲ. ತಮಿಳಿನಲ್ಲಿ ವರೈ ಆಡು, ಅಂದರೆ ಕಡಿಬಂಡೆಯ ಆಡು. ಇದು ತಮಿಳುನಾಡಿನ ರಾಜ್ಯಪ್ರಾಣಿ. ಕಡವೆಗಳು ಸಂಜೆ ಶೋಲಾದಿಂದ ಹೊರಬಂದು ಹುಲ್ಲು ಮೇಯುತ್ತವೆ, ಅವುಗಳ ಬೆನ್ನಿಗೆ ಹುಲಿಯೂ ಬರುತ್ತದೆ. ನೀಲಗಿರಿ ಪಿಪಿಟ್ ಹುಲ್ಲನ್ನೇ ನಂಬಿದ ಹಕ್ಕಿ. ಹುಲ್ಲಿನ ಬುಡದಲ್ಲೇ ಗೂಡು ಕಟ್ಟುವುದರಿಂದ ಅಲ್ಲಿ ಮರ ಬೆಳೆದರೆ ಅದಕ್ಕೆ ನೆಲೆಯಿಲ್ಲ.

ನಿವಾಸಿಗಳು

ಬೆಟ್ಟದ ನೆತ್ತಿಗಳಲ್ಲಿ ಕಲ್ಲುವೃತ್ತಗಳೂ ಸಮಾಧಿಗುಪ್ಪೆಗಳೂ ಇವೆ. ನೀಲಗಿರಿಯ ಮೊದಲ ಕಮಿಷನರ್ ಜೆ.ಡಬ್ಲ್ಯು. ಬ್ರೀಕ್ಸ್ ಅವನ್ನು ಅಗೆಸಿ ಪಡೆದ ಮಣ್ಣಿನ ಪಾತ್ರೆಗಳೂ ಕಂಚಿನ ಸಾಮಾನುಗಳೂ ಈಗ ಚೆನ್ನೈ ಮತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿವೆ.

ಹುಲ್ಲುದಿಣ್ಣೆಗಳೊಡನೆ ಅತಿ ನಿಕಟ ಸಂಬಂಧವುಳ್ಳವರು ತೊದವರು. ಸಂಖ್ಯೆಯಲ್ಲಿ ಎರಡು ಸಾವಿರದ ಆಸುಪಾಸಿನ ಈ ಸಮುದಾಯದ ಬದುಕು, ಆಚರಣೆ, ಹಾಡು ಎಲ್ಲವೂ ಎಮ್ಮೆಯ ಸುತ್ತ ಬೆಳೆದವು. ಬಾಗಿದ ದೊಡ್ಡ ಕೊಂಬಿನ ತೊದ ಎಮ್ಮೆ ಪ್ರತ್ಯೇಕ ತಳಿಯೆಂದು ಮಾನ್ಯವಾಗಿದೆ. ಅರ್ಧ ಪೀಪಾಯಿ ಕವುಚಿದಂತೆ ಬಾಗಿದ ಸೂರಿನ ಮನೆಗಳೂ, ಅದೇ ಆಕಾರದ ಹಾಲುಗುಡಿಗಳೂ ಇವರ ವಾಸ್ತುವಿನ ಗುರುತು. ಪವಿತ್ರ ಎಮ್ಮೆಗಳ ಹಾಲು ಕರೆದು ಕಡೆಯುವುದೇ ಆ ಗುಡಿಗಳಲ್ಲಿ ಪೂಜೆ. ತೊದ ನೆಲೆಗೆ ಮಂದ್ ಎಂದು ಹೆಸರು. ಈ ಪದಕ್ಕೂ ಕನ್ನಡದ ಮಂದೆಗೂ ನಂಟಿದೆ. ಉದಕಮಂಡಲದ ಹಳೆಯ ರೂಪ ಊಟಕಮಂಡ್ ಎಂಬುದರ ಕೊನೆಯ ಭಾಗವೂ ಇದೇ. ಸತ್ತವರು ಮುಕುರ್ತಿ ಶಿಖರದ ಆಚೆ, ಪಡುವಣದ ಲೋಕಕ್ಕೆ ಹೋಗುತ್ತಾರೆಂಬುದು ತೊದವರ ನಂಬಿಕೆ. ಡಬ್ಲ್ಯು.ಎಚ್.ಆರ್. ರಿವರ್ಸ್ 1906ರಲ್ಲಿ ತೊದವರ ಕುರಿತು ಪ್ರಕಟಿಸಿದ ಗ್ರಂಥ ಮಾನವಶಾಸ್ತ್ರದ ಆರಂಭದ ಕ್ಷೇತ್ರಕಾರ್ಯಗಳಲ್ಲೊಂದು. ಎಂ.ಬಿ. ಎಮೆನೋ 1930ರ ದಶಕದಲ್ಲಿ ಇಲ್ಲಿ ನೆಲೆಸಿ ತೊದ ಮತ್ತು ಕೋತ ಭಾಷೆಗಳನ್ನು ದಾಖಲಿಸಿದರು. ಬಿಳಿಬಟ್ಟೆಯ ಮೇಲೆ ಕೆಂಪು ಮತ್ತು ಕಪ್ಪು ನೂಲಿನ ತೊದ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

ಬಡಗರು ನೀಲಗಿರಿಯ ದೊಡ್ಡ ಕೃಷಿಕ ಸಮುದಾಯ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಬಂದವರೆಂಬುದು ಹೆಸರಿನಲ್ಲೇ ಇದೆ. ವಿಜಯನಗರದ ಪತನದ ಬಳಿಕ ಇವರು ಗುಂಪುಗುಂಪಾಗಿ ಮೇಲೇರಿದರೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಇವರ ಮಾತು ಕನ್ನಡಕ್ಕೆ ಅತಿ ಹತ್ತಿರ. ಕೆಲವು ವಿದ್ವಾಂಸರು ಅದನ್ನು ಕನ್ನಡದ ಉಪಭಾಷೆಯೆಂದೂ ಕೆಲವರು ಸ್ವತಂತ್ರ ಭಾಷೆಯೆಂದೂ ಗಣಿಸುತ್ತಾರೆ. ಊರಿಗೆ ಹಟ್ಟಿ ಎನ್ನುತ್ತಾರೆ. ಹೆತ್ತೆ ಹಬ್ಬ ಇವರ ಮುಖ್ಯ ಉತ್ಸವ. ದೊಡ್ಡಬೆಟ್ಟ, ದೇವಬೆಟ್ಟ, ಹುಲಿಕಲ್ಲು ಮುಂತಾದ ಹೆಸರುಗಳೂ, ತೊದನಾಡು, ಪೊರಂಗನಾಡು, ಮೇಕುನಾಡು, ಕುಂದೆನಾಡು ಎಂಬ ಹಳೆಯ ವಿಭಾಗಗಳೂ ಈ ಸೀಮೆಯನ್ನು ಕನ್ನಡ ನಾಡಿನ ನೆನಪಿಗೆ ತರುತ್ತವೆ. ಕಮ್ಮಾರಿಕೆ, ಕುಂಬಾರಿಕೆ, ವಾದ್ಯಗಳಲ್ಲಿ ಕುಶಲರಾದ ಕೋತರು ಏಳು ಊರುಗಳಲ್ಲಿ ನೆಲೆಸಿದ್ದಾರೆ, ಕೋತಗಿರಿಗೆ ಹೆಸರು ಅವರದೇ. ಕುರುಂಬರು ಇಳಿಜಾರಿನ ಕಾಡುಗಳ ನಿವಾಸಿಗಳು. ಹಾಲು, ಧಾನ್ಯ, ಕಬ್ಬಿಣ, ಜೇನುಗಳ ವಿನಿಮಯ ಈ ನಾಲ್ಕು ಸಮುದಾಯಗಳನ್ನು ಬಹುಕಾಲ ಒಂದುಗೂಡಿಸಿತ್ತು.

ಶೋಧನೆಯ ಇತಿಹಾಸ

ನೀಲಗಿರಿಯನ್ನು ಬ್ರಿಟಿಷರು ಕಂಡುಹಿಡಿದರೆಂಬ ಮಾತು ಸರಿಯಲ್ಲ. ಚಾಮರಾಜನಗರದ 1117ರ ಕನ್ನಡ ಶಾಸನ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದನೆಂದು ಹೇಳುತ್ತದೆ. ತೊದವರ ಹೆಸರು ಬರವಣಿಗೆಯಲ್ಲಿ ಸಿಗುವ ಅತಿ ಹಳೆಯ ಉಲ್ಲೇಖಗಳಲ್ಲಿ ಇದು ಒಂದು. ಮುಂದೆ ತೆರಕಣಾಂಬಿ ಸೀಮೆಯನ್ನಾಳಿದ ದಂಡನಾಯಕರೂ ನೀಲಗಿರಿಯನ್ನು ಗೆದ್ದವರೆಂಬ ಬಿರುದು ಧರಿಸಿದರು. ಅವರಲ್ಲಿ ಒಬ್ಬನಾದ ಮಾಧವ ದಣ್ಣಾಯಕನೇ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇಗುಲದ ನಿರ್ಮಾತೃ.

ಯೂರೋಪಿನವರಲ್ಲಿ ಮೊದಲು ತೊದವರನ್ನು ಕಂಡು ಬರೆದವನು ಜೆಸ್ಯೂಟ್ ಪಾದ್ರಿ ಫೆನಿಚಿಯೊ, 1603ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. 1812ರಲ್ಲಿ ಕೀಸ್ ಮತ್ತು ಮಕ್‌ಮಹನ್ ಮೋಜಣಿಗಾಗಿ ಮೇಲೆ ಹೋದರು. 1818ರಲ್ಲಿ ವಿಶ್ ಮತ್ತು ಕಿಂಡರ್‌ಸ್ಲಿ ಪ್ರಸ್ಥಭೂಮಿಯನ್ನು ಹಾದು ಬಂದರು. ಅವರ ವರದಿ ಕೇಳಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ತಾನೇ ಏರಿದ. ಕೋತಗಿರಿಯ ಬಳಿ ಮನೆ ಕಟ್ಟಿಸಿದ, 1822ರಲ್ಲಿ ಉದಕಮಂಡಲದಲ್ಲಿ ಕಲ್ಲುಮನೆ ಎತ್ತಿಸಿದ. ಈ ನೆಲ ತೊದವರದೆಂಬ ಹಕ್ಕನ್ನು ಕಂಪನಿಯ ಮುಂದೆ ವಾದಿಸಿದವನೂ ಅವನೇ.

ತಂಪುಹವೆ ಅರಸಿ ಬಂದವರಿಗೆ ಈ ದಿಣ್ಣೆಗಳು ತಮ್ಮ ಊರಿನಂತೆ ಕಂಡವು. ಆ ಹೋಲಿಕೆಯನ್ನು ಅವರು ಪೂರ್ತಿಗೊಳಿಸಲು ಹೊರಟರು. ಇಂಗ್ಲೆಂಡಿನ ಮೂರ್‌ಗಳ ಹಳದಿ ಹೂವಿನ ಮುಳ್ಳುಪೊದೆ ಗಾರ್ಸ್ ಮತ್ತು ಬ್ರೂಮ್ ಗಿಡಗಳನ್ನು ತಂದು ನೆಟ್ಟರು. ನರಿ ಬೇಟೆಗೆ ನಾಯಿಪಡೆ ಕಟ್ಟಿ, ಗುಳ್ಳೆನರಿಗಳನ್ನು ಕುದುರೆಯ ಮೇಲೆ ಅಟ್ಟಿದರು. ನೆಟ್ಟ ಗಿಡಗಳು ಈಗ ತಾವಾಗಿಯೇ ಹಬ್ಬುವ ಕಳೆಗಳಾಗಿವೆ.

ಬಳಕೆ ಮತ್ತು ರೂಪಾಂತರ

ತೊದವರ ಕಾಲಕ್ಕೆ ಹುಲ್ಲುದಿಣ್ಣೆಯ ಬಳಕೆ ಮೇವು ಒಂದೇ. ಒಣ ತಿಂಗಳಲ್ಲಿ ಹುಲ್ಲಿಗೆ ಬೆಂಕಿಯಿಟ್ಟು ಎಳೆಚಿಗುರು ಬರಿಸುವುದು ರೂಢಿಯಾಗಿತ್ತು. ಅರಣ್ಯ ಇಲಾಖೆ ಅದನ್ನು ನಿಲ್ಲಿಸಿತು. ಬ್ರಿಟಿಷರ ಆಳ್ವಿಕೆಯಲ್ಲಿ ಪೂರ್ವಭಾಗದ ದಿಣ್ಣೆಗಳು ಟೀ ತೋಟಗಳಾದವು, ಬಡಗ ರೈತರ ಆಲೂಗೆಡ್ಡೆ, ಕ್ಯಾರೆಟ್ ಹೊಲಗಳಾದವು. 1860ರಿಂದ ದೊಡ್ಡಬೆಟ್ಟ ಮತ್ತು ನಡುವಟ್ಟಂಗಳಲ್ಲಿ ಮಲೇರಿಯಾ ಔಷಧಿಗಾಗಿ ಸಿಂಕೋನ ಬೆಳೆಸಲಾಯಿತು. ಮೆಟ್ಟುಪಾಳ್ಯದಿಂದ ಹಲ್ಲಿನ ಹಳಿಯ ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಉದಕಮಂಡಲಕ್ಕೂ ಬಂತು.

ನೆಲವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಮರ. ಊರು ಬೆಳೆದಂತೆ ಸೌದೆಗಾಗಿ ಶೋಲಾಗಳು ಕಡಿಯಲ್ಪಟ್ಟವು. ಕೊರತೆ ನೀಗಲು 1840ರ ದಶಕದಲ್ಲಿ ಯೂಕಲಿಪ್ಟಸ್ ಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಕೇಶಿಯ ಜಾತಿಯ ವಾಟಲ್ ಮರಗಳೂ ಬಂದವು. ಮೊದಲ ನೂರು ವರ್ಷ ಇವು ಊರಿನ ಸುತ್ತ ಉಳಿದವು. ಸ್ವಾತಂತ್ರ್ಯಾನಂತರ ಕೃತಕ ರೇಷ್ಮೆಯ ತಿರುಳಿಗೆ ಯೂಕಲಿಪ್ಟಸ್, ಚರ್ಮ ಹದಮಾಡುವ ತೊಗಟೆಗೆ ಕಪ್ಪು ವಾಟಲ್ ಬೇಕಾದಾಗ, ಸಾವಿರಾರು ಹೆಕ್ಟೇರ್ ಹುಲ್ಲುದಿಣ್ಣೆಗಳನ್ನು ಅರಣ್ಯ ಇಲಾಖೆಯೇ ನೆಡುತೋಪಾಗಿ ಪರಿವರ್ತಿಸಿತು. ಮರವಿಲ್ಲದ ನೆಲ ಪಾಳುನೆಲ ಎಂಬ ತಿಳಿವಳಿಕೆ ಆ ನೀತಿಯ ಬುಡದಲ್ಲಿತ್ತು. ಆ ತಿಳಿವಳಿಕೆ ತಪ್ಪೆಂದು ಜೌಗಿನ ಪದರಗಳು ತೋರಿಸುವ ಹೊತ್ತಿಗೆ ವೆನ್‌ಲಾಕ್ ಡೌನ್ಸ್‌ನ ಬಹುಭಾಗ ಮರದಡಿ ಸೇರಿತ್ತು.

ನೀರಿನ ಬಳಕೆ ಇನ್ನೊಂದು ದೊಡ್ಡ ಬದಲಾವಣೆ. ಪೈಕಾರ ಜಲವಿದ್ಯುತ್ ಕೇಂದ್ರ 1932ರಲ್ಲಿ ಕಾರ್ಯಾರಂಭ ಮಾಡಿತು. ಮುಂದೆ ಕೆನಡಾದ ನೆರವಿನೊಡನೆ ಕುಂದೆ ಯೋಜನೆ ಬಂತು. ಅವಲಾಂಚೆ, ಎಮರಾಲ್ಡ್, ಮೇಲ್ಭವಾನಿ, ಪೋರ್ತಿಮಂದ್ ಜಲಾಶಯಗಳು ತಗ್ಗಿನ ಎಷ್ಟೋ ಜೌಗುಗಳನ್ನು ಮುಳುಗಿಸಿದವು. ಮುತ್ತೋರೈ ಬಳಿಯ ಇಳಿಜಾರು ಮಾತ್ರ ತನ್ನ ಆಕಾರದಿಂದಲೇ ಒಂದು ರೇಡಿಯೊ ದೂರದರ್ಶಕಕ್ಕೆ ಉಪಯೋಗವಾಯಿತು. ಸುಮಾರು 11 ಡಿಗ್ರಿ ಅಕ್ಷಾಂಶದಲ್ಲಿರುವ ಆ ಗುಡ್ಡದ ಇಳಿಜಾರೂ ಸುಮಾರು 11 ಡಿಗ್ರಿಯೇ. ಅದರ ಮೇಲೆ ಉತ್ತರ-ದಕ್ಷಿಣವಾಗಿ ಮಲಗಿಸಿದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಗೋವಿಂದ ಸ್ವರೂಪ್ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ 1970ರಲ್ಲಿ ಮುಗಿಸಿದ 530 ಮೀ. ಉದ್ದದ ಈ ರೇಡಿಯೊ ದೂರದರ್ಶಕ ಈಗಲೂ ಕೆಲಸದಲ್ಲಿದೆ.

ಸಂಚಾರ

ಕರ್ನಾಟಕದಿಂದ ಹೋಗುವವರಿಗೆ ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಮುದುಮಲೈ ಮಾರ್ಗ ಹತ್ತಿರದ್ದು. ಅಲ್ಲಿಂದ ಗೂಡಲೂರಿನ ಮೂಲಕ ಹೋಗುವ ದಾರಿ ನಡುವಟ್ಟಂ ದಾಟಿ ಪೈಕಾರದ ಬಳಿ ದಿಣ್ಣೆಗಳನ್ನು ಪ್ರವೇಶಿಸುತ್ತದೆ. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಏರುವ ದಾರಿಯಲ್ಲಿ 36 ಕಡುತಿರುವುಗಳಿವೆ. ಮೈಸೂರು ಅರಸರ ಬೇಸಗೆ ಅರಮನೆಯೂ ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನವೂ ಉದಕಮಂಡಲದ ಫರ್ನ್‌ಹಿಲ್‌ನಲ್ಲಿವೆ. 2024ರ ಮೇ ತಿಂಗಳಿನಿಂದ ನ್ಯಾಯಾಲಯದ ಆದೇಶದಂತೆ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಜಾರಿಗೆ ಬಂದಿದೆ.

ಮೂಲರೂಪದ ಹುಲ್ಲುದಿಣ್ಣೆ ನೋಡಬೇಕಾದರೆ ಊರಿನಿಂದ ದೂರ, ಅವಲಾಂಚೆ ಮತ್ತು ಮೇಲ್ಭವಾನಿಗಳ ಕಡೆ ಹೋಗಬೇಕು. ಮುಕುರ್ತಿ ಉದ್ಯಾನದೊಳಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮುಂಗಾರಿನಲ್ಲಿ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನದೂ ಕಾಣದು. ಒಂದರಂತೆ ಇನ್ನೊಂದು ಕಾಣುವ ದಿಣ್ಣೆಗಳಲ್ಲಿ ದಿಕ್ಕು ತಪ್ಪುವುದು ಸುಲಭ. ಜೌಗಿನ ಮೇಲೆ ಕಾಲಿಡಬಾರದು: ಅದು ಕಾಲನ್ನು ಹಿಡಿಯುತ್ತದೆ, ಮೇಲಾಗಿ ಸಾವಿರಾರು ವರ್ಷಗಳ ಪದರ ಕದಡುತ್ತದೆ.

ಇಂದಿನ ಸ್ಥಿತಿ

ನೀಲಗಿರಿ ಜೀವಗೋಳ ಮೀಸಲು ಪ್ರದೇಶ 1986ರಲ್ಲಿ ಘೋಷಿತವಾಯಿತು. ಕರ್ನಾಟಕದ ಬಂಡೀಪುರ, ನಾಗರಹೊಳೆಗಳೂ ಅದರ ಭಾಗ. 78.46 ಚ.ಕಿ.ಮೀ. ವಿಸ್ತಾರದ ಮುಕುರ್ತಿ 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2012ರಲ್ಲಿ ಪಶ್ಚಿಮಘಟ್ಟದ ಇತರ ತಾಣಗಳೊಡನೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ತಾರ್‌ಗಳ ಉಳಿವಿಗಾಗಿ ತಮಿಳುನಾಡು ಸರ್ಕಾರ 2022ರಲ್ಲಿ ಪ್ರತ್ಯೇಕ ಯೋಜನೆ ಪ್ರಕಟಿಸಿತು.

ಕಾನೂನಿನ ರಕ್ಷಣೆ ಹುಲ್ಲನ್ನು ಉಳಿಸಲು ಸಾಕಾಗಿಲ್ಲ. ಹೊಸದಾಗಿ ವಾಟಲ್ ನೆಡುವುದು ನಿಂತು ದಶಕಗಳೇ ಆದರೂ, ಹಿಮವನ್ನು ತಾಳುವ ಈ ಮರ ತಾನಾಗಿ ಹರಡುತ್ತಿದೆ. ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳ ಉಪಗ್ರಹ ಚಿತ್ರಗಳ ಅಧ್ಯಯನದಂತೆ, 1973ರಿಂದ 2017ರವರೆಗೆ ಸುಮಾರು ನಾಲ್ಕರಲ್ಲಿ ಒಂದು ಪಾಲು ಹುಲ್ಲು ಹೊರಗಿನ ಮರಗಳ ಪಾಲಾಗಿದೆ. ನೀಲಗಿರಿ, ಪಳನಿ, ಆನೆಮಲೈ ಬೆಟ್ಟಗಳಲ್ಲಿ ಹಾನಿ ಹೆಚ್ಚು. ಕುದುರೆಮುಖ ಮತ್ತು ಬಾಬಾಬುಡನ್‌ಗಿರಿಯ ಹುಲ್ಲುಬೆಟ್ಟಗಳೂ ಇದೇ ಬಗೆಯ ಶೋಲಾ-ಹುಲ್ಲು ಸಂಯೋಗಗಳೇ ಆದ್ದರಿಂದ ಈ ಅನುಭವ ಕರ್ನಾಟಕದ ಅರಣ್ಯ ನಿರ್ವಹಣೆಗೂ ಸಂಬಂಧಿಸಿದ್ದು. ಹುಲ್ಲುಬೆಟ್ಟದಲ್ಲಿ ಗಿಡ ನೆಡುವುದು ಪರಿಸರ ಸೇವೆಯಲ್ಲ.

ವಾಟಲ್ ಮರ ಕಡಿದು, ಸ್ಥಳೀಯ ಹುಲ್ಲಿನ ಗಡ್ಡೆಗಳನ್ನು ಮರುನೆಡುವ ಪುನಶ್ಚೇತನದ ಕೆಲಸ ಅಲ್ಲಲ್ಲಿ ನಡೆದಿದೆ. ಮರ ಕಡಿಯುವುದು ಅದರ ಸುಲಭದ ಭಾಗ. ವಾಟಲ್ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತದೆ, ಬೆಳಕು ಅಥವಾ ಬೆಂಕಿ ತಾಗಿದೊಡನೆ ಒಟ್ಟಿಗೆ ಮೊಳೆಯುತ್ತದೆ. ಮರ ತೆಗೆದ ನೆಲಕ್ಕೆ ಪ್ರತಿವರ್ಷ ಮರಳಿ ಹೋಗಿ ಸಸಿಗಳನ್ನು ಕೈಯಿಂದಲೇ ಕೀಳಬೇಕಾಗುತ್ತದೆ.